ಗಾದಿಲಿಂಗಮ್ಮ ಮನೆ ಕಟ್ಟದಿರುವುದಕ್ಕೆ ಕಾರಣ

ಮನೆ ಕಟ್ಟಲು ಅನುಮತಿ ಕೊಡುವ ಕುರ್ಚಿಯಲ್ಲಿ ಕುಳಿತಿರುವ ಪುರಸಭೆಯ ಮಾನ್ಯ ಕಮಿಷನರ್ ಸಾಹೇಬರೇ,

ಶ್ರೀಮತಿ ಗಾದಿಲಿಂಗಮ್ಮ ಎಂಬುವರು ಅನುಮತಿ ಸಿಕ್ಕ ಮೇಲೂ ಮನೆ ಕಟ್ಟುವ ಕೆಲಸ ಯಾಕೆ ಶುರುಮಾಡಿಲ್ಲ, ಆ ಅನುಮತಿಯನ್ನು ಯಾಕೆ ರದ್ದು ಮಾಡಬಾರದು ಎಂದು ಕಾರಣ ಕೇಳಿ ತಾವು ನೋಟೀಸು ಕಳಿಸಿದ್ದೀರಿ. ಕಾರಣ ಹೇಳುತ್ತೇನೆ. ಆಕೆ ತೀರಿಕೊಂಡಿದ್ದಾಳೆ. ತಮ್ಮ ಅನುಮತಿ ಬರುವ ಮೊದಲೇ ತೀರಿಕೊಂಡಳು. ಆಕೆ ನನ್ನ ಹೆಂಡತಿ. ಕೇಳಿದ್ದಕ್ಕೆ ಉತ್ತರ ಇಷ್ಟೇ; ಇಲ್ಲಿಗೇ ನಿಲ್ಲಿಸಿ ಸಹಿ ಹಾಕಬಹುದಿತ್ತು. ಆದರೆ ಇದೇ ಮಾತನ್ನು ತಮ್ಮ ಹೆಡ್ ಗುಮಾಸ್ತರ ಮೇಜಿನ ಮುಂದೆ ನಿಂತು ಹೇಳಿದಾಗ ಬರೆದು ಕೊಡಿ ಎಂದರು. ಬರೆದು ಕೊಟ್ಟ ಮೇಲೆ ಮತ್ತೆ ಅವಳ ಹೆಸರಿಗೇ ನೋಟೀಸು ಬಂತು. ಅದಕ್ಕೇ ಈ ಸಲ ಪತ್ರಿಕೆಗೆ ಬರೆಯುತ್ತಿದ್ದೇನೆ. ಊರವರೆಲ್ಲ ಓದಿದರೆ ಅವರಲ್ಲಿ ಯಾರಾದರೂ ತಮ್ಮ ಕಿವಿಗೆ ಹಾಕಿಯಾರು.

ನೋಟೀಸು ತೆಲುಗಿನಲ್ಲಿದೆ. ತೆಲುಗು ನನಗೆ ಚೆನ್ನಾಗಿಯೇ ಬರುತ್ತದೆ, ದಿನವೂ ಅರ್ಧ ವ್ಯವಹಾರ ಅದರಲ್ಲೇ. ಆದರೆ ಹೆಂಡತಿ ಸತ್ತಳು ಎಂಬ ಮಾತನ್ನು ನಾನು ಇದುವರೆಗೆ ಕನ್ನಡದಲ್ಲಿ ಮಾತ್ರ ಹೇಳಿದ್ದೇನೆ. ಇನ್ನೊಂದು ಭಾಷೆಯಲ್ಲಿ ಅದನ್ನು ಹೊಸದಾಗಿ ಹೇಳುವ ಶಕ್ತಿ ಈಗ ಇಲ್ಲ. ಅನುವಾದಿಸಿಕೊಳ್ಳುವ ತೊಂದರೆಯನ್ನು ತಾವೇ ತೆಗೆದುಕೊಳ್ಳಬೇಕು.

ನಾನು ಹತ್ತಿ ಜಿನ್ನಿಂಗ್ ಫ್ಯಾಕ್ಟರಿಯಲ್ಲಿ ತೂಕದ ಗುಮಾಸ್ತ. ಫ್ಯಾಕ್ಟರಿಯ ಆವರಣದೊಳಗೇ ಇರುವ ಲೈನು ಮನೆಗಳಲ್ಲಿ ಒಂದು ಕೋಣೆ ನಮ್ಮದು. ಬೀಜ ಬಿಡಿಸುವ ಜಿನ್ನು ಓಡುವ ತಿಂಗಳುಗಳಲ್ಲಿ ಹತ್ತಿಯ ಧೂಳು ಹಾಸಿಗೆಯ ಮೇಲೆ, ನೀರಿನ ಕೊಡದ ಮೇಲೆ, ತಟ್ಟೆಯಲ್ಲಿ ಬಡಿಸಿದ ಅನ್ನದ ಮೇಲೆ ಕೂರುತ್ತದೆ. ನನಗೆ ಅದು ರೂಢಿಯಾಗಿದೆ. ಗಾದಿಲಿಂಗಮ್ಮ ನಾಗಲದಿನ್ನೆಯವಳು, ತುಂಗಭದ್ರೆಯ ದಂಡೆಯಲ್ಲಿ ಬೆಳೆದವಳು, ಆಕೆಗೆ ರೂಢಿಯಾಗಲಿಲ್ಲ. ಮೊದಲು ಸೀನು, ಆಮೇಲೆ ಕೆಮ್ಮು, ಆಮೇಲೆ ನಾಲ್ಕು ಹೆಜ್ಜೆ ನಡೆದರೆ ಗೋಡೆ ಹಿಡಿದು ನಿಲ್ಲುವುದು. ಊರ ಹೊರಗೆ ಆಕೆಯ ಹೆಸರಿನಲ್ಲಿ ಒಂದು ಜಾಗವಿತ್ತು. ಆಕೆಯ ತಂದೆ ಹತ್ತಿ ಬಂಡಿ ಹೊಡೆದುಕೊಂಡು ಮಾರುಕಟ್ಟೆಗೆ ಬಂದಾಗ ಎತ್ತು ಬಿಚ್ಚಲು ಇಟ್ಟುಕೊಂಡಿದ್ದ ಜಾಗ; ಮದುವೆಯಲ್ಲಿ ಮಗಳಿಗೆ ಅರಿಶಿನ ಕುಂಕುಮಕ್ಕೆಂದು ಕೊಟ್ಟರು. ಅಲ್ಲಿ ಧೂಳಿಲ್ಲ, ಎದುರಿಗೆ ಹೊಲ. ಅಲ್ಲೊಂದು ಮಣ್ಣು ಮಾಳಿಗೆಯ ಸಣ್ಣ ಮನೆ ಹಾಕಿಕೊಂಡು ಹೋಗಿಬಿಡೋಣವೆಂದು ಐವತ್ತೆರಡನೆಯ ಇಸವಿಯಲ್ಲಿ ಅರ್ಜಿ ಹಾಕಿದೆವು. ಆಗ ನಮ್ಮ ಮಗಳು ಬಸವಕ್ಕ ಇನ್ನೂ ಶಾಲೆಗೆ ಸೇರಿರಲಿಲ್ಲ.

ಇಲ್ಲಿಂದ ಮುಂದಿನದನ್ನು ತಾವು ಸ್ವಲ್ಪ ಸಹನೆಯಿಂದ ಓದಬೇಕು. ಯಾಕೆಂದರೆ ತಾವು ಹೊರಗಿನಿಂದ ವರ್ಗವಾಗಿ ಬಂದವರು, ನಮ್ಮ ಕಡೆ ಮನೆಗೆ ಆಯ ಹಾಕುವ, ಎಂದರೆ ಒಳ್ಳೆಯದಾಗುವ ಅಳತೆ ಹಿಡಿಯುವ, ಪದ್ಧತಿ ತಮಗೆ ತಿಳಿದಿರಲಿಕ್ಕಿಲ್ಲ. ಮೇಸ್ತ್ರಿ ಮೊದಲು ಮನೆಯೊಡತಿಯನ್ನು ಜಾಗದಲ್ಲಿ ನಿಲ್ಲಿಸಿ ಕೈ ಚಾಚಿಸುತ್ತಾನೆ. ಮೊಣಕೈಯಿಂದ ನಡುಬೆರಳಿನ ತುದಿಯವರೆಗೆ ಒಂದು ಕೋಲು ಕತ್ತರಿಸುತ್ತಾನೆ. ಅದೇ ಆ ಮನೆಯ ಮೊಳ. ಪಡಸಾಲೆ ಎಷ್ಟು, ಅಡಿಗೆಮನೆ ಎಷ್ಟು, ಬಾಗಿಲು ಎಷ್ಟು ಎಲ್ಲವೂ ಆ ಕೋಲಿನಲ್ಲೇ. ನಮ್ಮ ಮೇಸ್ತ್ರಿ ಮೌಲಾಲಿ ಹಾಗೇ ಮಾಡಿದ. ಮನೆ ಅಗಲಕ್ಕೆ ಹದಿನೈದು ಮೊಳ ಎಂದು ಆಯ ಬಂತು. ನನ್ನ ಹೆಂಡತಿ ಗಿಡ್ಡ ಆಳು, ಕೈಯೂ ಗಿಡ್ಡ. ಹೀಗಾಗಿ ಹದಿನೈದು ಮೊಳದ ಮನೆ ಇಪ್ಪತ್ತೊಂದು ಅಡಿಯ ಜಾಗದಲ್ಲಿ ಸಲೀಸಾಗಿ ಕೂತಿತು. ಮೌಲಾಲಿ ನಾಲ್ಕು ಮೂಲೆಗೆ ಗೂಟ ಹೊಡೆದು ದಾರ ಕಟ್ಟಿದ. ಆಕೆ ಆ ದಾರದೊಳಗೆ ಓಡಾಡಿ, ಇಲ್ಲಿ ಒಲೆ, ಇಲ್ಲಿ ಒರಳು ಎಂದು ಮಗಳಿಗೆ ತೋರಿಸಿದಳು.

ತಮ್ಮ ಕಚೇರಿಯ ಮುಂದೆ ಕೂತು ನಕಾಶೆ ಬರೆದುಕೊಡುವಾತನಿಗೆ ನಾವು ಹದಿನೈದು ಮೊಳ ಎಂದೆವು. ಆತ ಮೊಳಕ್ಕೆ ಒಂದೂವರೆ ಅಡಿ ಎಂದು ಲೋಕವೆಲ್ಲ ಹಿಡಿಯುವ ಲೆಕ್ಕ ಹಿಡಿದ. ಕಾಗದದ ಮೇಲೆ ಮನೆ ಇಪ್ಪತ್ತೆರಡೂವರೆ ಅಡಿ ಆಯಿತು. ಅರ್ಜಿ ತಿರಸ್ಕಾರವಾಗಿ ಬಂತು: ಸಾರ್ವಜನಿಕ ಓಣಿಯ ಮೇಲೆ ಒಂದೂವರೆ ಅಡಿ ಒತ್ತುವರಿ! ಒಂದು ಕಲ್ಲೂ ಇಟ್ಟಿಲ್ಲ, ಆಗಲೇ ನಾವು ಓಣಿ ನುಂಗಿದವರು. ಓಣಿಯ ಜನ ನನ್ನನ್ನು ನೋಡಿ ನಗುತ್ತಿದ್ದರು. ಆಗ ನನಗೂ ನಗು ಬರುತ್ತಿತ್ತು.

ತಪ್ಪು ಎಲ್ಲಿ ಆಯಿತೆಂದು ವಿವರಿಸಿ ಬರೆದುಕೊಂಡೆವು. ಬಹಳ ದಿನಗಳ ಮೇಲೆ ತಮ್ಮ ಓವರ್ಸಿಯರು ಸ್ಥಳ ಪರೀಕ್ಷೆಗೆ ಬಂದರು. ಟೇಪು ಹಿಡಿದು ಜಾಗ ಅಳೆದರು. ಮೌಲಾಲಿಯ ಕೈಯಲ್ಲಿದ್ದ ಕೋಲು ನೋಡಿ, "ಏಮಯ್ಯಾ, ಇದೇನು?" ಎಂದರು.

"ಅಮ್ಮನ ಮೊಳ ಸಾಬ್ರ," ಎಂದ ಮೌಲಾಲಿ. "ಈ ಮನಿ ಆಯ ಎಲ್ಲಾ ಇದರಾಗ ಐತ್ರಿ."

"ಮೊಳ ಅಂದರೆ ಒಂದೂವರೆ ಅಡಿ."

ಅಷ್ಟು ಹೊತ್ತು ಸೆರಗು ಬಾಯಿಗೆ ಹಿಡಿದು ನಿಂತಿದ್ದ ಗಾದಿಲಿಂಗಮ್ಮ ಮುಂದೆ ಬಂದಳು. "ಅದು ಯಾರ ಮೊಳರೀ ಯಪ್ಪಾ? ನಂದಂತೂ ಅಲ್ಲ. ನಿಮ್ಮ ಟೇಪು ತರ್ರಿ ಇಲ್ಲಿ." ಕೈ ಚಾಚಿ ನಿಂತೇಬಿಟ್ಟಳು.

ಓವರ್ಸಿಯರಿಗೆ ಮುಜುಗರವಾಯಿತು. ಪರರ ಹೆಂಡತಿಯ ಕೈಯನ್ನು ಓಣಿಯ ನಡುವೆ ಅಳೆಯುವುದು ಯಾವ ನಿಯಮದಲ್ಲಿದೆ? ಕೊನೆಗೆ ಟೇಪಿನ ಒಂದು ತುದಿ ನಾನು ಹಿಡಿದೆ, ಇನ್ನೊಂದು ತುದಿ ಬಸವಕ್ಕ ಹಿಡಿದಳು. ಅವರು ದೂರ ನಿಂತು ಬಗ್ಗಿ ಓದಿದರು. ಹದಿನಾರು ಅಂಗುಲ.

"ಬರ್ಕೋರಿ," ಎಂದಳು ಆಕೆ. "ಇನ್ನ ಇದು ಬೆಳಿಯಂಗಿಲ್ಲ. ನಲವತ್ತರ ಹತ್ರ ಬಂದೀನಿ." ನೆರೆದವರೆಲ್ಲ ನಕ್ಕರು, ಓವರ್ಸಿಯರೂ ನಕ್ಕರು. ನಗುತ್ತ ನಗುತ್ತ ಆಕೆಗೆ ಕೆಮ್ಮು ಹತ್ತಿತು, ಅಲ್ಲೇ ಗೂಟದ ಹತ್ತಿರ ಕುಳಿತಳು.

ಓವರ್ಸಿಯರು ಕೆಟ್ಟವರಲ್ಲ. ಕಂಡದ್ದನ್ನು ಕಂಡಂತೆ ಬರೆದರು. ಆದರೆ ತಮ್ಮ ಕಚೇರಿ ಅದನ್ನು ಒಪ್ಪಬೇಕಲ್ಲ? ಅರ್ಜಿದಾರಳ ಕೈಯ ಉದ್ದಕ್ಕೆ ಸರ್ಕಾರಿ ವೈದ್ಯರಿಂದ ಪ್ರಮಾಣಪತ್ರ ತರತಕ್ಕದ್ದು ಎಂದು ಆಜ್ಞೆಯಾಯಿತು. ತಂದೆವು. ಡಾಕ್ಟರು ಜೀವಮಾನದಲ್ಲಿ ಇಂಥ ಕಾಗದ ಬರೆದಿರಲಿಲ್ಲವಂತೆ. ಕೈ ಅಳೆದು ಬರೆದರು, ಹಾಗೇ ಎದೆಗೆ ನಳಿಗೆ ಇಟ್ಟು ನೋಡಿದರು, ನೋಡಿದ ಮೇಲೆ ನಗಲಿಲ್ಲ. ನನ್ನನ್ನು ಹೊರಗೆ ಕರೆದು, "ಈ ತಾಯಿಯನ್ನ ಆ ಧೂಳಿನಿಂದ ಬೇಗ ಹೊರಗೆ ಕರ್ಕೊಂಡು ಹೋಗ್ರಿ, ಇಲ್ಲಂದ್ರೆ ಉಳಿಯೋದಿಲ್ಲ" ಎಂದರು. ಅದನ್ನೂ ಕಾಗದದಲ್ಲಿ ಬರೆಸಿ ತಮಗೆ ಸಲ್ಲಿಸಿದೆ. ಕೈಯ ಪ್ರಮಾಣಪತ್ರ ಸ್ವೀಕೃತವಾಯಿತು. ಎದೆಯ ಪ್ರಮಾಣಪತ್ರವನ್ನು ಕೇಳಿರಲಿಲ್ಲವೆಂದು ವಾಪಸು ಕೊಟ್ಟರು.

ಬಾಡಿಗೆಗೆ ಬೇರೆ ಮನೆ ಹಿಡಿಯಬಹುದಿತ್ತಲ್ಲ ಎಂದು ತಾವು ಕೇಳಬಹುದು. ಕೆಮ್ಮುವ ಹೆಂಗಸಿಗೆ ಈ ಊರಲ್ಲಿ ಯಾರು ಕೋಣೆ ಕೊಡುತ್ತಾರೆ, ಸಾಹೇಬರೇ? ತವರಿಗೆ ಕಳಿಸಿದೆ. ಅಲ್ಲಿ ಇರುವಷ್ಟು ದಿನ ಸುಧಾರಿಸುತ್ತಿದ್ದಳು. ಅಷ್ಟರಲ್ಲಿ ತಮ್ಮ ಕಚೇರಿಯಿಂದ, ಅರ್ಜಿದಾರಳು ಖುದ್ದು ಹಾಜರಾಗಬೇಕು ಎಂದು ಕರೆ ಬರುತ್ತಿತ್ತು. ಬಂಡಿ ಕಟ್ಟಿಸಿ ಬರುತ್ತಿದ್ದಳು. ಬಂದ ದಿನ ಸಾಹೇಬರು ಕ್ಯಾಂಪಿನಲ್ಲಿರುತ್ತಿದ್ದರು. ನಾಳೆ ಬನ್ನಿ ಎಂದದ್ದಕ್ಕೆ ಲೈನು ಮನೆಯಲ್ಲೇ ಉಳಿಯುತ್ತಿದ್ದಳು, ಧೂಳು ಮತ್ತೆ ಎದೆಗೆ ಕೂರುತ್ತಿತ್ತು.

ಇದರ ನಡುವೆ ನಮ್ಮ ಜಿಲ್ಲೆಯೇ ಬದಲಾಯಿತು. ಐವತ್ಮೂರರ ಅಕ್ಟೋಬರಿನಲ್ಲಿ ಮಲಗಿ ಎದ್ದಾಗ ನಾವು ಬಳ್ಳಾರಿಯವರಲ್ಲ, ಕರ್ನೂಲಿನವರು, ಮದರಾಸಿನವರಲ್ಲ, ಆಂಧ್ರದವರು. ಅದು ದೊಡ್ಡವರ ವಿಷಯ, ನನಗೆ ತಿಳಿಯದು. ನನಗೆ ತಿಳಿದದ್ದು ಇಷ್ಟು: ನಮ್ಮ ಕಡತ ಯಾವುದೋ ಅಭಿಪ್ರಾಯಕ್ಕೆಂದು ಬಳ್ಳಾರಿಗೆ ಹೋಗಿತ್ತು. ತಮ್ಮ ಗುಮಾಸ್ತರನ್ನು ಕೇಳಿದಾಗ ಅವರು ಕೈ ಚೆಲ್ಲಿದರು. "ಫೈಲು ಬಳ್ಳಾರ್ಯಾಗ ಐತ್ರಿ. ಬಳ್ಳಾರಿ ಈಗ ಮೈಸೂರಿನಾಗ ಐತಿ. ನಾವೇನ್ ಮಾಡಾಕಾಗ್ತೈತಿ?" ರಾಜ್ಯಕ್ಕೆ ಎಲ್ಲೆ ಹಾಕುವವರು ಹಳ್ಳ, ರಸ್ತೆ, ತಾಲೂಕು ಎಲ್ಲವನ್ನೂ ನೋಡಿರುತ್ತಾರೆ. ಹದಿನೈದು ಮೊಳದ ಒಂದು ಮನೆ ಆಚೆ ಸಿಕ್ಕಿಹಾಕಿಕೊಂಡದ್ದು ಅವರ ಕಣ್ಣಿಗೆ ಬೀಳಲಿಲ್ಲ. ಉರುಕುಂದದ ಈರಣ್ಣನ ಜಾತ್ರೆಗೆ ಆಚೆಯವರೂ ಈಚೆಯವರೂ ಈಗಲೂ ಬಂದು ಹೋಗುತ್ತಾರೆ. ಕಡತ ಮಾತ್ರ ಬರಲಿಲ್ಲ.

ಕಳೆದ ವರ್ಷ ಜಿನ್ನು ಶುರುವಾದ ತಿಂಗಳಲ್ಲಿ ಗಾದಿಲಿಂಗಮ್ಮ ಹೋದಳು. ಬೆಳಿಗ್ಗೆ ಫ್ಯಾಕ್ಟರಿಯ ಸೀಟಿ ಊದುವ ಹೊತ್ತು. ಉಸಿರು ಎಳೆದುಕೊಳ್ಳುತ್ತಿದ್ದಳು, ಸಾಲಲಿಲ್ಲ, ಅಷ್ಟೇ. ನಾನು ಅಳಲಿಲ್ಲ. ಈಗಲೂ ಅಳು ಬರುವುದಿಲ್ಲ. ಯಾರಾದರೂ ಮಾತಾಡಿಸಿದರೆ ಎಲ್ಲೋ ಗೋಡೆಯಾಚೆ ಮಾತಾಡಿದ ಹಾಗಿರುತ್ತದೆ. ಮಣ್ಣು ಮಾಡಿ ಬಂದ ಮರುವಾರ ಹತ್ತಿ ಚೀಲ ತೂಗಲು ಹೋದೆ, ಮುಳ್ಳು ನೋಡಿದೆ, ತೂಕ ಕೂಗಿದೆ. ಈ ಪತ್ರ ತಮಗೆ ಒಣಗಿದ ಹಾಗೆ ಕಂಡರೆ ಅದೇ ಕಾರಣ. ಸಿಟ್ಟು ಬರಬೇಕು ಎಂದು ಗೊತ್ತಿದೆ, ಎಲ್ಲಿಂದ ತರಲಿ?

ಆಮೇಲೆ ಅನುಮತಿ ಬಂತು. ಕಡತ ಹೇಗೆ ಎಲ್ಲೆ ದಾಟಿತೋ ದೇವರೇ ಬಲ್ಲ. ತಮ್ಮ ಜವಾನ ಸುಂಕಣ್ಣ ಬಂದು ಬಾಗಿಲಲ್ಲಿ ನಿಂತ, ಮುಖದಲ್ಲಿ ಸಂತೋಷ. "ಎರ್ರಿಸ್ವಾಮಣ್ಣ, ಮಂಜೂರಾತು ನೋಡ್ರಿ! ಅಮ್ಮನ್ನ ಕರೀರಿ, ಹೆಬ್ಬೆಟ್ಟು ಬೇಕು."

"ಆಕಿ ಇಲ್ಲಪ್ಪ."

"ತವರಿಗೆ ಹೋಗ್ಯಾರೇನ್ರಿ? ಯಾವಾಗ ಬರ್ತಾರ?"

ಬಸವಕ್ಕ ಹೇಳಿದಳು, "ಅವ್ವ ಸತ್ತಾಳ." ಸುಂಕಣ್ಣ ಅಲ್ಲೇ ಕಟ್ಟೆಯ ಮೇಲೆ ಕುಳಿತುಬಿಟ್ಟ. ತಲೆ ಎತ್ತದೆ, "ತಗೋಳಾಕ ಅರ್ಜಿದಾರ್ರು ಇಲ್ಲಂದ್ರ ಬಾಗಿಲಿಗೆ ಹಚ್ಚಿ ಬರಬೇಕಂತ ರೂಲು ಐತ್ರಿ. ನಂದೇನೂ ಇಲ್ಲಣ್ಣ" ಎಂದ. ಅಂಟಿಸಲು ಏನೂ ತಂದಿರಲಿಲ್ಲ. ಬಸವಕ್ಕ ಒಳಗಿನಿಂದ ಗಂಜಿ ತಂದುಕೊಟ್ಟಳು. ಧೂಳಿನಿಂದ ಆಕೆ ಬಿಡಿಸಿಕೊಂಡು ಹೋಗಬೇಕಾಗಿದ್ದ ಮನೆಯ ಕಾಗದವನ್ನು ಆ ಧೂಳಿನ ಕೋಣೆಯ ಬಾಗಿಲಿಗೇ ಸುಂಕಣ್ಣ ಹಚ್ಚಿದ.

ಈಗ ತಮ್ಮ ಮುಂದಿರುವ ವಿಷಯ. ಜಾಗ ತಾಯಿಯಿಂದ ಮಗಳಿಗೆ ಬಂದಿದೆ. ಹಾಗಾದರೆ ಅನುಮತಿಯನ್ನು ಮಗಳ ಹೆಸರಿಗೆ ತಿದ್ದಿ ಕೊಡಿ, ಅದೇ ನಕಾಶೆಯಲ್ಲಿ ಕಟ್ಟುತ್ತೇನೆ ಎಂದು ಕೇಳಿದೆ. ಸಾಧ್ಯವಿಲ್ಲವಂತೆ. ಅರ್ಜಿದಾರರು ಬದಲಾದರೆ ಹೊಸ ಅರ್ಜಿ, ಹೊಸ ನಕಾಶೆ, ಹೊಸ ಸ್ಥಳ ಪರೀಕ್ಷೆ. ಹಳೆಯ ನಕಾಶೆ ಹೊಸ ಅರ್ಜಿಗೆ ಸಲ್ಲದು. ಮೌಲಾಲಿಯ ಹತ್ತಿರ ಹೋದರೆ ಅವನೂ ಅದೇ ರಾಗ: "ಹೋದವರ ಮೊಳದಾಗ ಇದ್ದವರಿಗೆ ಮನಿ ಹಾಕಬಾರ್ದಣ್ಣ. ಇನ್ನ ಮನಿಗೆ ಯಜಮಾನ್ತಿ ಬಸವಕ್ಕ, ಆಕಿ ಮೊಳದಾಗ ಹಾಕೋಣು." ತಾವೂ ಮೌಲಾಲಿಯೂ ಎಂದೂ ಭೇಟಿಯಾದವರಲ್ಲ. ಇಬ್ಬರೂ ಸೇರಿ ನನ್ನನ್ನು ಹೀಗೆ ಕಟ್ಟಿಹಾಕುತ್ತೀರೆಂದು ಎಣಿಸಿರಲಿಲ್ಲ. ನನ್ನ ಕೈ ಅಳೆ ಎಂದೆ. ಅಳೆದ. ನನ್ನ ಮೊಳ ಹಿಡಿದರೆ ಮನೆ ನಿಜವಾಗಿಯೂ ಓಣಿಗೆ ಹೋಗುತ್ತದೆ.

ಹೋದ ಸೋಮವಾರ ಬಸವಕ್ಕನನ್ನು ಜಾಗದಲ್ಲಿ ನಿಲ್ಲಿಸಿ ಕೈ ಚಾಚಿಸಿದ. ಆಕೆಗೀಗ ಹತ್ತು ವರ್ಷ. ಕೋಲು ಚಿಕ್ಕದಾಗಿ ಬಂತು. "ಅಪ್ಪಾ, ಇಷ್ಟರಾಗ ಮನಿ ಗುಬ್ಬಿಗೂಡಿನಷ್ಟ ಆಗ್ತೈತಿ," ಎಂದಳು ಮಗಳು. ಮೌಲಾಲಿ ತಲೆ ಕೆರೆದುಕೊಂಡ. "ಈಗ ಹಾಕಿದ್ರ ಸಣ್ಣದು, ನಿಜ, ಆದ್ರ ಆಯ ಸರಿ ಐತಿ. ಮುಂದ ಬೆಳಸಬಹುದು. ತಡ ಮಾಡಿದ್ರ ಮಾತ್ರ ಕೈ ಬೆಳೀತೈತಿ, ನಕಾಶಿ ಸುಳ್ಳಾಗ್ತೈತಿ." ಅವನು ಮಾತಾಡುತ್ತಿರುವಾಗಲೇ ಆಕೆ ಕೆಮ್ಮಿದಳು. ಆ ಕೆಮ್ಮು ನನಗೆ ಗೊತ್ತು. ಎರಡು ತಿಂಗಳಿನಿಂದ ಶುರುವಾಗಿದೆ. ತಾಯಿಯದೂ ಹೀಗೇ, ಒಣ ಕೆಮ್ಮಿನಿಂದಲೇ ಶುರುವಾದದ್ದು. ಇಷ್ಟು ದಿನ ಯಾವುದೂ ಮುಟ್ಟದಿದ್ದ ನನಗೆ ಅದೊಂದು ಮಾತ್ರ ಮುಟ್ಟುತ್ತದೆ, ಸಾಹೇಬರೇ. ಹೆದರಿಕೆಯಾಗುತ್ತದೆ.

ಹೀಗಾಗಿ ಹೊಸ ಅರ್ಜಿ ಸಲ್ಲಿಸುತ್ತಿದ್ದೇನೆ. ಬಸವಕ್ಕನ ಮೊಳ ಹನ್ನೆರಡು ಅಂಗುಲ ಎಂದು ಬರೆದಿದ್ದೇನೆ. ಮೊಳಕ್ಕೆ ಒಂದೂವರೆ ಅಡಿ ಹಿಡಿಯಬೇಡಿ. ಡಾಕ್ಟರು ಆಕೆಗೆ ಬರೆದುಕೊಟ್ಟ ಎರಡು ಪ್ರಮಾಣಪತ್ರ ಇಟ್ಟಿದ್ದೇನೆ, ಕೈಯದೂ ಎದೆಯದೂ. ಕೇಳಿಲ್ಲವೆಂದು ಒಂದನ್ನು ಹಿಂದಿರುಗಿಸಬೇಡಿ. ಕಡತವನ್ನು ಎಲ್ಲೆ ದಾಟಿಸಬೇಡಿ. ತಮ್ಮ ಕಚೇರಿಯ ನಡಿಗೆಗೆ ಮಗುವಿನ ಕೈ ಕಾದು ನಿಲ್ಲುವುದಿಲ್ಲ. ಮುಂದಿನ ವರ್ಷ ಅಳತೆ ತಪ್ಪಿದೆಯೆಂದು ನೋಟೀಸು ಕೊಡುವುದಾದರೆ ಕೊಡಿ, ಸಂತೋಷದಿಂದ ತೆಗೆದುಕೊಳ್ಳುತ್ತೇನೆ. ಬೆಳೆದಿದ್ದಾಳೆ ಎಂದಾದರೂ ಆಗುತ್ತದೆ. ನನ್ನ ಬೇಡಿಕೆ ಒಂದೇ. ಮುಂದಿನ ಜಿನ್ನು ಶುರುವಾಗುವ ಮೊದಲು, ಈ ಸಲ ಅರ್ಜಿದಾರಳು ಉಸಿರಾಡುತ್ತಿರುವಾಗಲೇ, ಅನುಮತಿ ಕೊಡಿ. ಬಾಗಿಲಿಗೆ ಹಚ್ಚಬೇಡಿ. ಆಕೆಯ ಕೈಗೆ ಕೊಡಿ.

ಇಂತಿ,
ಹಿಂದಿನ ಅರ್ಜಿದಾರಳ ಗಂಡ, ಈಗಿನ ಅರ್ಜಿದಾರಳ ತಂದೆ,
ಎರ್ರಿಸ್ವಾಮಿ, ತೂಕದ ಗುಮಾಸ್ತ
೧೯೫೬