ಕಾಗದದ ವಯಸ್ಸು

ಪ್ರೀತಿಯ ತಮ್ಮನಿಗೆ,

ನೀನು ಹಾಕಿಕೊಟ್ಟ ಲೆಕ್ಕದ ಸಾಫ್ಟ್‌ವೇರಿಗೆ ನನ್ನ ನಿವೃತ್ತಿ ಖಾತೆ ಯಾಕೆ ಜೋಡಣೆಯಾಗುತ್ತಿಲ್ಲ ಎಂಬುದು ಗೊತ್ತಾಯಿತು. ಫೋನಿನಲ್ಲಿ ಹೇಳಿದರೆ ಮಧ್ಯೆ ಬಾಯಿ ಹಾಕುತ್ತೀಯ, ಅದಕ್ಕೇ ಈ ಪತ್ರ. "ಅಕ್ಕಾ, ನಿನ್ನ ಕೈಲಿ ಆಗಲ್ಲ, ಬಿಟ್ಬಿಡು, ನಾನೇ ಬಂದು ನೋಡ್ತೀನಿ" ಅಂದಿದ್ದೆಯಲ್ಲ? ನಾನು ಹೊಲಿಗೆ ಕಾರ್ಖಾನೆಯವಳು. ದಾರ ಎಲ್ಲಿ ಸಿಕ್ಕಿಕೊಂಡಿದೆ ಎಂದು ಕಂಡುಹಿಡಿಯದೆ ಯಂತ್ರ ಬಿಟ್ಟು ಎದ್ದವಳಲ್ಲ.

ಖಾತೆಯನ್ನು ಮೂರು ಸಲ ತೆಗೆದು ಮತ್ತೆ ಸೇರಿಸಿದೆ. ಪಾಸ್‌ವರ್ಡ್ ಬದಲಿಸಿದೆ. ಪ್ರತಿ ಸಲವೂ ಅದೇ ರಾಗ: 'ವಿವರ ಹೊಂದುತ್ತಿಲ್ಲ.' ಕೊನೆಗೆ ಸಹಾಯವಾಣಿಯ ಹುಡುಗಿ, "ಹುಟ್ಟಿದ ವರ್ಷ ಒಂದ್ಸಲ ನೋಡಿ, ಅಮ್ಮಾ" ಎಂದಳು.

ತಪ್ಪು ನಿನ್ನದಲ್ಲ. ಅಕ್ಕ ನಿನಗಿಂತ ಆರು ವರ್ಷ ದೊಡ್ಡವಳೆಂದು ಸರಿಯಾಗಿಯೇ ಲೆಕ್ಕ ಹಾಕಿ ತುಂಬಿದ್ದೀಯ. ಕಾರ್ಖಾನೆಯ ಕಾಗದದಲ್ಲಿ ಮಾತ್ರ ಎಂಟು ವರ್ಷ ದೊಡ್ಡವಳು. ಹದಿನೆಂಟು ತುಂಬದವರನ್ನು ಅಲ್ಲಿ ಸೇರಿಸಿಕೊಳ್ಳುತ್ತಿರಲಿಲ್ಲ, ನನಗಾಗ ಹದಿನಾರು. ನೀನು ಹಾಸ್ಟೆಲಿಗೆ ಸೇರಿದ್ದೂ ಅದೇ ವರ್ಷ. ಫೀಸು ಎಲ್ಲಿಂದ ಬಂತೆಂದು ಆಗ ನೀನು ಕೇಳಲಿಲ್ಲ, ಈಗಲೂ ಕೇಳಬೇಡ.

"ದಾಖಲೆನೇ ತಿದ್ದಿಸೋಣ" ಅನ್ನಲೂ ಬೇಡ. ಆ ಸುಳ್ಳನ್ನು ನಲವತ್ತು ವರ್ಷ ದುಡಿದು ನಿಜ ಮಾಡಿದ್ದೇನೆ. ಸಾಫ್ಟ್‌ವೇರಿನಲ್ಲೇ ತಿದ್ದೋಣ. ಅದಕ್ಕೆ ನಿನ್ನ ಫೋನಿಗೆ ಬರುವ ಒಟಿಪಿ ಬೇಕು. ಭಾನುವಾರ ಬೆಳಿಗ್ಗೆ ಹತ್ತಕ್ಕೆ ಕರೆ ಮಾಡುತ್ತೇನೆ. ಕನ್ನಡಕ ಹಾಕಿಕೊಂಡೇ ಕೂತಿರು, ಅಂಕಿ ತಪ್ಪು ಓದಬೇಡ.

ಹುಟ್ಟುಹಬ್ಬಕ್ಕೆ ಮಾತ್ರ ನಿನ್ನ ಲೆಕ್ಕವೇ ಇರಲಿ. ನನ್ನ ಸರಿಯಾದ ವಯಸ್ಸು ಗೊತ್ತಿರುವವರಲ್ಲಿ ಈಗ ಉಳಿದಿರುವುದು ನೀನೊಬ್ಬನೇ.

ಇಂತಿ,
ನಿನಗಿಂತ ಆರೇ ವರ್ಷ ದೊಡ್ಡವಳಾದ
ಅಕ್ಕ