ಮುನ್ನೂರು ಕೋಣೆಗಳಲ್ಲಿ ಒಂದು ಕಪ್ಪೆ

ಬ್ಯಾಂಕಾಕ್, ದೂರದ ಬಸ್ಸುಗಳ ನಿಲ್ದಾಣ
ಡಿಸೆಂಬರ್ ೧೪, ಬುದ್ಧವರ್ಷ ೨೫೪೬

ಕಪ್ಪೆಗೆ,

ಸುಖವಾಗಿದ್ದೀಯೆಂದು ತಿಳಿದಿದ್ದೇನೆ. ಇಲ್ಲದಿದ್ದರೆ ನೀನು ಅಜ್ಜಿಯ ನೆನಪಾಗಿ ಊರಿಗೆ ಬರುತ್ತಿದ್ದೆ. ಮೂರು ವರ್ಷ ಪತ್ರ ಬರೆಯಲಿಲ್ಲ, ನನ್ನದೂ ತಪ್ಪೇ. ನಾಲ್ಕನೇ ತರಗತಿಗೆ ಶಾಲೆ ಬಿಟ್ಟ ಕೈ ಇದು. ಒಂದು ಸಾಲು ಬರೆಯುವ ಹೊತ್ತಿಗೆ ಒಂದು ಮೊರ ಅಕ್ಕಿ ಆರಿಸಬಹುದು. ಓದಿದವಳು ನೀನು. ನಿನ್ನ ಕೈಗೆ ಏನಾಗಿತ್ತೋ ನೀನೇ ಹೇಳಬೇಕು. ಲಕೋಟೆಯ ಮೇಲೆ ನಿನ್ನ ಹೊಸ ಹೆಸರು ಕಂಡು ಬೆಚ್ಚಿರಬೇಕಲ್ಲವೇ? ಅದು ನನಗೆ ಹೇಗೆ ಗೊತ್ತಾಯಿತೆಂದು ಕೊನೆಗೆ ಹೇಳುತ್ತೇನೆ.

ಮುಂದಿನ ತಿಂಗಳು ನಿನ್ನ ಮದುವೆಯಂತೆ. ಹೇಳಿದವಳು ನಮ್ಮೂರಿನ ನೂಲಿನಂಗಡಿಯವಳು. ನೀನು ಯಾವ ಕಟ್ಟಡದಲ್ಲಿದ್ದೀಯೆಂದೂ ಅವಳಿಗೆ ಗೊತ್ತಿತ್ತು, ನನಗೆ ಗೊತ್ತಿರಲಿಲ್ಲ. ಕರೆಯದ ಮದುವೆಗೆ ಬರುವಷ್ಟು ನಾಚಿಕೆಗೆಟ್ಟವಳಲ್ಲ ನಾನು. ಆದರೆ ಮಣಿಕಟ್ಟಿಗೆ ಬಿಳಿ ದಾರ ಕಟ್ಟದೆ, ಮೈಬಿಟ್ಟು ಅಲೆಯುವ ಜೀವವನ್ನು ಕರೆದು ಒಳಗೆ ಕೂರಿಸದೆ, ನಮ್ಮ ಕಡೆ ಯಾವ ಹುಡುಗಿಯೂ ಗಂಡನ ಪಕ್ಕ ಕೂತಿಲ್ಲ. ನಿನ್ನ ತಾಯಿ ಇಲ್ಲ. ಕಟ್ಟಬೇಕಾದವಳು ನಾನು. ಅದಕ್ಕೇ ಅರವತ್ತೊಂಬತ್ತನೆಯ ವಯಸ್ಸಿನಲ್ಲಿ ಒಬ್ಬಳೇ, ಮಡಿಲಲ್ಲಿ ದಾರ, ಕಂಕುಳಲ್ಲಿ ಉಪ್ಪು ಹಾಕಿ ಹುಳಿಬರಿಸಿದ ಮೀನಿನ ಭರಣಿ ಇಟ್ಟುಕೊಂಡು ಗುರುವಾರ ಇಲ್ಲಿ ಇಳಿದೆ.

ನಿನ್ನ ಊರಿಗೆ ಬೆಂಕಿ ಬೀಳಲಿ. ಸಿಟಿ ಬಸ್ಸಿನ ಟಿಕೆಟಿನವಳು ಚಿಲ್ಲರೆ ಇಡುವ ತಗಡಿನ ಕೊಳವೆಯನ್ನು ನನ್ನ ಕಿವಿಯ ಪಕ್ಕದಲ್ಲೇ ಟಕಟಕ ಬಡಿದು, "ಏನಜ್ಜಿ, ಹೆಣ ಹೊತ್ಕೊಂಡ್ ಬಂದಿದೀರಾ? ಇಳೀರಿ, ಇಳೀರಿ!" ಎಂದಳು. ಭರಣಿಯ ವಾಸನೆಗೆ.

"ಇದನ್ನ ತಿಂದೋರೇ ಕಣಮ್ಮ ನಿಮ್ಮೂರಿನ ಗೋಡೆ ಎಬ್ಬಿಸಿದ್ದು" ಎಂದೆ. ಇಳಿಸಿಯೇ ಬಿಟ್ಟಳು.

ಆಮೇಲೆ ಕಾಲುವೆಯ ದೋಣಿ ಹತ್ತಿದೆ. ಅದು ನಿಲ್ಲುವುದೇ ಇಲ್ಲ. ದಡಕ್ಕೆ ಮೈ ಉಜ್ಜುವಷ್ಟರಲ್ಲಿ ಹಾರಿಕೊಳ್ಳಬೇಕು. ಕೂತವರೆಲ್ಲ ಪಕ್ಕದ ಪರದೆ ಎಳೆದುಕೊಂಡರು. ನನಗೇನು ಗೊತ್ತು? ಈ ಊರಿನ ಬಚ್ಚಲ ನೀರೆಲ್ಲ ಬಂದು ಮುಖಕ್ಕೆ ಬಡಿಯಿತು. ರಸ್ತೆ ದಾಟಲು ಅರ್ಧ ಗಂಟೆ ನಿಂತೆ, ಒಂದು ಗಾಡಿಯೂ ನಿಲ್ಲಲಿಲ್ಲ. ಕಡೆಗೆ ಒಬ್ಬ ಸನ್ಯಾಸಿಯ ಬೆನ್ನಿಗೆ ಅಂಟಿಕೊಂಡು ದಾಟಿದೆ. ಅವರಿಗಾದರೂ ಬ್ರೇಕು ಹಾಕುತ್ತಾರೆ.

ನಿನ್ನ ಕಟ್ಟಡದ ಕಾವಲುಗಾರ ಕುರ್ಚಿಯಿಂದ ಏಳಲೂ ಇಲ್ಲ.

"ಕಪ್ಪೆ ಬೇಕಿತ್ತು" ಎಂದೆ.

"ಯಾವ ಕಪ್ಪೆ ಅಜ್ಜಿ? ಮುನ್ನೂರು ರೂಮಿದೆ. ನಂಗೆ ಗೊತ್ತಿರೋ ಹಾಗೆ ಮೂರು ಕಪ್ಪೆ, ಎರಡು ಹಂದಿ, ಒಂದು ಸಿಗಡಿ."

"ಮೂರನ್ನೂ ಕರಿ."

ಕರೆಸಿದ. ಒಂದು ಬೊಕ್ಕತಲೆಯ ಗಂಡಸು, ಒಂದು ಬಸುರಿ, ಇನ್ನೊಂದು ಕೂದಲು ಕತ್ತರಿಸುವವಳು. ನನ್ನನ್ನು ನೋಡಿ ಮೂರೂ ನಕ್ಕವು. ನೀನು ಕಪ್ಪೆಯೆಂದು ಈ ಊರಲ್ಲಿ ಯಾರಿಗೂ ಹೇಳಿಯೇ ಇಲ್ಲ.

"ಅಡ್ಡಹೆಸರು ಬಿಡಿ, ಕಾಗದದಲ್ಲಿರೋ ಹೆಸರು ಹೇಳಿ" ಎಂದ. ಬುನ್‌ರೋದ್ ಎಂದೆ. ಪುಸ್ತಕ ತಿರುವಿ ಹಾಕಿದ. "ಅಂಥೋರು ಯಾರೂ ಇಲ್ಲ. ಬದಲಾಯಿಸ್ಕೊಂಡಿರ್ಬೇಕು. ಈಗೆಲ್ಲ ಸನ್ಯಾಸಿ ಹತ್ರ ಹೋಗಿ ಅದೃಷ್ಟದ ಹೆಸರು ಇಡಿಸ್ಕೊಳ್ತಾರೆ ಅಜ್ಜಿ."

ಅದೃಷ್ಟವಂತೆ! ನಿನ್ನ ತಾಯಿಗೆ ನಾನು ಚೆಂದದ ಹೆಸರೇ ಇಟ್ಟಿದ್ದೆ. ಎಂಥ ಚೆಲುವೆ ಎಂದು ಊರವರು ಹೊಗಳಿದಾಗ ಬೀಗಿದ್ದೆ. ದೆವ್ವಗಳಿಗೂ ಕಿವಿಯಿದೆ. ನಿನ್ನನ್ನು ಹೆತ್ತ ಮೂರನೇ ದಿನ ಅವಳನ್ನು ಕೊಂಡೊಯ್ದವು. ನೀನು ಅಂಗೈಯಷ್ಟಿದ್ದೆ, ಅಳುವುದಕ್ಕೂ ಉಸಿರಿರಲಿಲ್ಲ. ನಾನು ನಿನ್ನನ್ನು ಎತ್ತಿಕೊಂಡು ಅಂಗಳಕ್ಕೆ ಬಂದು, ಎಲ್ಲ ದಿಕ್ಕಿಗೂ ಕೇಳುವಂತೆ ಕೂಗಿದೆ: "ಇದು ಕಪ್ಪೆ. ಕುರೂಪಿ. ಯಾರಿಗೂ ಬೇಡ." ಅವು ನಂಬಿದವು. ನೀನು ಉಳಿದೆ.

ಮಲಗಲು ದೇವಾಲಯದ ಸನ್ಯಾಸಿನಿಯರು ಚಾಪೆ ಕೊಟ್ಟರು. ಹಗಲೆಲ್ಲ ನಿನ್ನ ಗೇಟಿನ ಎದುರಿಗೆ, ಹಸಿ ಪರಂಗಿಕಾಯಿ ಕುಟ್ಟಿ ಮಾರುವ ಲಮೈಯ ಗಾಡಿಯ ಪಕ್ಕ ಕೂತೆ. ನಮ್ಮ ಕಡೆಯವಳೇ. ಆದರೂ ಕುಟ್ಟಾಣಿಗೆ ಚಮಚ ಚಮಚ ಸಕ್ಕರೆ ಸುರಿಯುತ್ತಾಳೆ.

"ಇದೇನೇ, ಪಾಯಸ ಮಾಡ್ತಿದೀಯಾ?"

"ಏನ್ ಮಾಡ್ಲಿ ದೊಡ್ಡಮ್ಮ, ಇಲ್ಲಿಯೋರ ನಾಲಿಗೆ ಹಂಗೆ. ಖಾರ ಹಾಕಿದ್ರೆ ಅಳ್ತವೆ."

ಭರಣಿಯನ್ನು ಅವಳಿಗೇ ಕೊಟ್ಟೆ. ಮುಚ್ಚಳ ತೆಗೆದು ಮೂಸಿ, ತೋಳಲ್ಲೇ ಕಣ್ಣೊರೆಸಿಕೊಂಡಳು. ನೀನು ಮಾತ್ರ ಸಿಗಲಿಲ್ಲ. ಬಸ್ಸಿನವನು ಕೂಗುತ್ತಿದ್ದಾನೆ, ಹೊರಟೆ.

ದಾರವನ್ನು ಇದರೊಳಗೆ ಇಟ್ಟಿದ್ದೇನೆ. ಹೇಳಬೇಕಾದದ್ದನ್ನೆಲ್ಲ ಹೇಳಿ ಊದಿದ್ದೇನೆ. ಯಾರಾದರೂ ಹಿರಿಯರ ಕೈಯಿಂದ ಕಟ್ಟಿಸಿಕೋ, ಮೂರು ದಿನ ಬಿಚ್ಚಬೇಡ. ನೀನೇ ಕಟ್ಟಿಕೊಂಡರೆ ಅದು ಬರೀ ನೂಲು. ನಿನಗೆ ಜ್ವರ ಬಾರದಿರಲಿ. ಹೆರಿಗೆ ಹಗುರಾಗಲಿ. ಹುಟ್ಟುವವು ನಿನ್ನಷ್ಟೇ ಮೊಂಡಾಗಲಿ, ಆಗ ಗೊತ್ತಾಗುತ್ತದೆ. ನನಗಿಂತ ಹೆಚ್ಚು ಕಾಲ ಬಾಳು.

ನಿನ್ನ ಅಜ್ಜಿ,
ಖಂಪುನ್

ಹೆಸರಿನ ವಿಷಯ ಉಳಿಯಿತು. ನಿನ್ನೆ ಸಂಜೆ ನೀನು ಬಿಳಿ ಅಂಗಿಯವನೊಬ್ಬನ ಜೊತೆ ಗೇಟಿಗೆ ಬಂದೆ. ನಾನು "ಕಪ್ಪೇ!" ಎಂದು ಒಂದೇ ಸಲ ಕೂಗಿದೆ. ಬೀದಿಯಲ್ಲಿ ಬೇರೆ ಯಾರೂ ತಿರುಗಲಿಲ್ಲ, ನೀನು ತಿರುಗಿದೆ. ನನ್ನನ್ನು ನೋಡಿದೆ. ನನ್ನ ಕಾಲ ಬಳಿಯ ಭರಣಿಯನ್ನೂ ನೋಡಿದೆ.

"ಪಿಮ್‌ಮಾದಾ, ಯಾರದು?" ಎಂದ ಅವನು.

"ಗೊತ್ತಿಲ್ಲ. ಯಾರನ್ನೋ ಕರೀತಿದಾರೆ" ಎಂದು ನೀನು ಒಳಗೆ ಹೋದೆ. ನನ್ನ ಕಿವಿ ಇನ್ನೂ ಚೆನ್ನಾಗಿದೆ.

ಲಮೈ ಕುಟ್ಟುವುದನ್ನು ನಿಲ್ಲಿಸಿದ್ದಳು. "ಅವಳೇ ಅಲ್ವಾ ದೊಡ್ಡಮ್ಮ? ಓಡಿ ಹೋಗಿ ಕರೀಲಾ?"

"ಅಲ್ಲ ಕಣೆ. ಅದು ಎಷ್ಟು ಚೆಂದ ಇದೆ ನೋಡು. ನಮ್ಮದು ಕುರೂಪಿ, ಯಾರಿಗೂ ಬೇಡ" ಎಂದೆ.

ಅವಳೂ ನಂಬಿದಳು.