ದವಡೆ ಹೋಗುವ ಮುಂಚೆ

೧೪ ಮಾರ್ಚ್ ೨೦೧೬, ಸೋಮವಾರ. ಅಬುಧಾಬಿ.

ನಾಡಿದ್ದು ಬಲಗಡೆಯ ಅರ್ಧ ದವಡೆ ತೆಗೆಯುತ್ತಾರೆ. ಕ್ಯಾನ್ಸರ್ ಅಲ್ಲವಂತೆ, ಎಲುಬು ತಿನ್ನುವ ಗಡ್ಡೆಯಂತೆ. ಎರಡು ವರ್ಷದ ಹಿಂದೆಯೇ ದವಡೆ ತೆಗೆಸಿ ಎಂದು ಡಾಕ್ಟರು ಹೇಳಿದ್ದರು. ಭಾಷಣ ಮಾಡುವ ಬಾಯಿ ಸ್ವಾಮಿ, ಗಡ್ಡೆಯಷ್ಟೇ ಕೆರೆದು ತೆಗೆಯಿರಿ ಎಂದು ಹಠ ಹಿಡಿದವನು ನಾನು. ಬೇರು ಉಳಿಯಿತು, ದುಪ್ಪಟ್ಟಾಗಿ ಬೆಳೆಯಿತು.

ಯಾವ ಭಾಷಣ? ಮಂಗಳೂರಿನ ಬೀದಿಯಲ್ಲಿ ಘೋಷಣೆ ಕೂಗಿದವನು ಇಲ್ಲಿ ಹನ್ನೊಂದು ವರ್ಷ ವೀಸಾಕ್ಕೆ ಹೆದರಿ ಬಾಯಿ ಹೊಲಿದುಕೊಂಡಿದ್ದೆ. ಕಂಪನಿ ಕೆಲಸಗಾರರ ಪಾಸ್‌ಪೋರ್ಟ್ ಕಿತ್ತಿಟ್ಟುಕೊಂಡಾಗಲೂ ‘ಯೆಸ್ ಸರ್’ ಅಂದೆ. ಥೂ!

“ಕಾಲಿನ ಎಲುಬು ಇಟ್ಟು ದವಡೆ ಕಟ್ಟುತ್ತಾರಲ್ಲ ಮಾರಾಯ್ರೆ, ಮಾತು ಬರ್ತದೆ” ಎಂದಳು ನನ್ನ ಹೆಂಡತಿ ವಸಂತಿ. ಬಾರದಿದ್ದರೆ?

ಈಗಷ್ಟೇ ಬಾತ್‌ರೂಮಿನಲ್ಲಿ ಹಳೆಯ ಘೋಷಣೆ ಕೂಗಿ ಬಂದೆ, ಪಕ್ಕದ ಫ್ಲ್ಯಾಟಿಗೆ ಕೇಳದಂತೆ ನಲ್ಲಿ ಜೋರಾಗಿ ಬಿಟ್ಟುಕೊಂಡು. ನಲ್ಲಿ ನಿಲ್ಲಿಸಿ ಕೂಗುವ ಧೈರ್ಯ ಇವತ್ತೂ ಬರಲಿಲ್ಲ. ಈ ಬಾಯಿಗೆ ಉಳಿದಿರುವುದು ನಾಳೆ ಒಂದೇ ದಿನ.